ಮಿಶ್ರಿ ಡಬ್ಬಿ ಮತ್ತು ಮುಂದಿನ ಹಲ್ಲು

ನಾಗರಬಾವಿ
18 ಜನವರಿ 2026, ಭಾನುವಾರ

ಪ್ರೀತಿಯ ಅವ್ವಾ,

ಹೇಗಿದ್ದೀ? ಗಾರ್ಮೆಂಟ್ಸ್‌ನಲ್ಲಿ ನಿಂತು ನಿಂತು ಬಂದ ಕಾಲಿನ ಬಾವು ಇಳಿಯಿತೇ? ಶಿವಯೋಗಿ ಅಣ್ಣ-ವೈನಿಯ ಮಗು ನಡೆಯುತ್ತಿದೆಯೇ? ಬರೆಯಲು ತಡವಾಯಿತು, ಬೈಯಬೇಡ. ಕಾಮಾಕ್ಷಿಪಾಳ್ಯ ಒಂದು ಬಸ್ಸಿನ ದೂರ, ಆದರೂ ಪತ್ರ ಯಾಕೆ ಎನ್ನುತ್ತೀ. ಎದುರಿಗೆ ಬಂದರೆ ಬಾಯಿ ತೆರೆಯಲು ಭಯ. ಫೋನ್ ಮಾಡಿದರೆ ವೈನಿ ಸ್ಪೀಕರ್ ಹಾಕುತ್ತಾರೆ. ಹಾಸ್ಟೆಲ್ ಸ್ಕೂಲಿನ ಸಂಡೇ ಲೆಟರ್ ಅಭ್ಯಾಸವೇ ನನಗೆ ಸಲೀಸು.

ಖೋಖೋದಲ್ಲಿ ಬಿದ್ದು ಮುರಿದ ಮುಂದಿನ ಹಲ್ಲಿಗೆ ಕ್ಯಾಪ್ ಹಾಕಿಸಿದ್ದೆವಲ್ಲ, ಅದರ ಸುತ್ತ ವಸಡು ಊದಿ, ಬ್ರಷ್ ತಾಗಿದರೆ ರಕ್ತ ಬರುತ್ತಿತ್ತು. ಹೆದರಿ ಅಲ್ಲಿ ಉಜ್ಜುವುದನ್ನೇ ಬಿಟ್ಟೆ. ಕ್ಯಾಪ್ ಹೇಗೂ ಪಿಂಗಾಣಿ, ಹುಳುಕಾಗುವುದಿಲ್ಲ ಎಂದುಕೊಂಡೆ. ದೀಪಾವಳಿಗೆ ನಾನು ಮನೆಗೆ ಬಂದಾಗ ನೀನು, "ಮಿಶ್ರಿ ತಿಕ್ಕ ಶಿಲ್ಪವ್ವ, ರಕ್ತ ನಿಂದರ್ತದ" ಎಂದು ನಿನ್ನ ಡಬ್ಬಿಯನ್ನೇ ಕೊಟ್ಟೆ. ಆ ಹುರಿದ ತಂಬಾಕಿನ ಪುಡಿ ತಿಕ್ಕಿದ ಮೇಲೆ ರಕ್ತ ನಿಜವಾಗಿಯೂ ನಿಂತಿತು. ವಾಸಿಯಾಯಿತು ಎಂದು ನಂಬಿದೆ.

ರೂಮ್‌ಮೇಟ್ ಸ್ಪಂದನ ಮೂಗು ಮುಚ್ಚಿಕೊಂಡು, "ಏನೇ, ಬಾಯಲ್ಲಿ ಬೀಡಿ ಅಂಗಡಿ ಇಟ್ಟಿದೀಯಾ?" ಎಂದು ನಗುತ್ತಿದ್ದಳು. ಮೊನ್ನೆ ಕ್ಯಾಪ್ ಹಲ್ಲಿನ ಸಮೇತ ಅಲುಗಿದಾಗ ಅವಳೇ ವಿಜಯನಗರದ ಡಾಕ್ಟರ್ ರಂಜಿನಿ ಹತ್ತಿರ ಎಳೆದುಕೊಂಡು ಹೋದಳು. ಅವರು ಮೇಲ್ತುಟಿ ಎತ್ತಿ ನೋಡಿದರು. ರಕ್ತ ನಿಲ್ಲಿಸಿ ವಸಡಿನ ರೋಗವನ್ನು ತಂಬಾಕು ಮುಚ್ಚಿಟ್ಟಿತ್ತಂತೆ, ಒಳಗೆ ಮೂಳೆ ಕರಗುತ್ತಿದೆಯಂತೆ. "ಕ್ಯಾಪ್‌ಗೆ ಏನೂ ಆಗಲ್ಲಮ್ಮ, ಅದರ ಬುಡಕ್ಕೆ ಆಗುತ್ತೆ. ಮಿಶ್ರಿ ಇವತ್ತೇ ಬಿಡು, ಇಲ್ಲಾಂದ್ರೆ ಹಲ್ಲು ಉಳಿಸಕ್ಕಾಗಲ್ಲ" ಎಂದರು. ವಸಡಿನ ಅಂಚಿಗೆ ಮೆತ್ತನೆಯ ಬ್ರಷ್, ಹಲ್ಲಿನ ಸಂದಿಗೆ ಫ್ಲಾಸ್ ದಾರ. ರಕ್ತ ಬಂದರೂ ನಿಲ್ಲಿಸಬಾರದಂತೆ.

ಉಜ್ಜುತ್ತಿದ್ದೇನೆ. ವಾಷ್‌ಬೇಸಿನ್ ಕೆಂಪಾಗುತ್ತದೆ. ಮಿಶ್ರಿ ಮಾತ್ರ ಬಿಡಲಾಗುತ್ತಿಲ್ಲ, ಅವ್ವಾ. ಡಬ್ಬಿಯನ್ನು ಡಸ್ಟ್‌ಬಿನ್‌ಗೆ ಹಾಕುತ್ತೇನೆ, ಮತ್ತೆ ನಾನೇ ಹೆಕ್ಕಿಕೊಳ್ಳುತ್ತೇನೆ. ಲಾ ಕಾಲೇಜಿನ ಕ್ಲಾಸಿನಲ್ಲಿ ಬಾಯಿಗೆ ಕೈ ಅಡ್ಡ ಹಿಡಿದೇ ಮಾತಾಡುತ್ತೇನೆ. ಹೀಗೆ ಯಾವ ಕೋರ್ಟಿನಲ್ಲಿ ನಿಂತು ವಾದ ಮಾಡಲಿ? ನಿನ್ನನ್ನು ದೂರುತ್ತಿಲ್ಲ. ನಿನ್ನ ದವಡೆ ಹಲ್ಲೂ ಅಲುಗುತ್ತದಲ್ಲ, ನೀನೂ ಬಿಡು.

ತಲೆಯ ಮೇಲೆ ನಿನ್ನ ಕೈ ಇರಲಿ.

ನಿನ್ನ,
ಶಿಲ್ಪಾ

ತಾ.ಕ.: ಡಾಕ್ಟರಿಗೂ ಹೇಳದ ಮಾತು. ಅವರು ಬಿಡು ಎಂದ ಮೇಲೂ ಯಾಕೆ ತಿಕ್ಕುತ್ತೇನೆ ಗೊತ್ತೇ? ಆರನೇ ಕ್ಲಾಸಿಗೆ ಹಾಸ್ಟೆಲ್ ಗೇಟಿನಲ್ಲಿ ಬಿಟ್ಟು ಹೋಗುವಾಗ ನೀನು ಮುತ್ತು ಕೊಟ್ಟೆ. ಕೆನ್ನೆಯ ಮೇಲೆ ಉಳಿದದ್ದು ಮಿಶ್ರಿಯ ವಾಸನೆ. ಅದನ್ನು ತೊಳೆಯಬಾರದೆಂದು ಅವತ್ತು ಮುಖ ತೊಳೆಯಲಿಲ್ಲ. ಈಗ ಡಬ್ಬಿ ತೆರೆದರೆ ನೀನು ಪಕ್ಕದಲ್ಲಿ ಮಲಗಿದ ಹಾಗಾಗುತ್ತದೆ. ಮನೆಯಲ್ಲಿ ಜಾಗವಿಲ್ಲ, ಗೊತ್ತು. ಒಲೆಯ ಪಕ್ಕ ಮಲಗುತ್ತೇನೆ. ಕಾಲೇಜಿಗೆ ಅಲ್ಲಿಂದಲೂ ಬಸ್ಸಿದೆ. ಬರಲಾ, ಅವ್ವಾ?