ಸಾವಿನ ಮನೆಯ ಬಟ್ಟಲು

ಸ್ರೇ ಪ್ರಾಂಗ್, ಕಂಪೋಂಗ್ ಛ್ನಾಂಗ್
ಮೇ ೧೪, ಬೆಳಿಗ್ಗೆ

ಪ್ರೀತಿಯ ಅಮ್ಮಾ,

ಸೊಂಟನೋವು ಹೇಗಿದೆ? ಐಸಿನಲ್ಲಿ ಮೀನು ವಿಂಗಡಿಸಿ ಬೆರಳೆಲ್ಲ ಒಡೆದಿವೆಯಂತೆ. ಎಣ್ಣೆ ಹಚ್ಚಿಕೋ, ಅಸಡ್ಡೆ ಮಾಡಬೇಡ. ನಿನ್ನ ಫೋನು ಸಿಗುತ್ತಿಲ್ಲ. ನೀನು ಕೆಲಸಕ್ಕಿರುವ ಥಾಯ್ ಗಡಿಗೆ ತನ್ನ ಗಾಡಿಯಲ್ಲಿ ಹೊರಟಿರುವ ವುಥಾ ಮಾವನ ಕೈಲಿ ಈ ಪತ್ರ ಕೊಡುತ್ತಿದ್ದೇನೆ.

ನಮ್ಮೂರಿಗೆ ಏನು ಬಡಿದಿದೆಯೋ ಕಾಣೆ. ಮೊದಲು ಪಕ್ಕದ ಮನೆಯ ಸಾರೊಮ್ ದೊಡ್ಡಪ್ಪ ಹೋದ. ಎದೆ ನಿಂತಿತು ಎಂದುಕೊಂಡೆವು. ಹೆಣ ಕಾಯಲು ಕೂತವರಿಗೆ ಅವನು ಕುಡಿಯುತ್ತಿದ್ದ ಜಾಡಿಯಿಂದಲೇ ಅಕ್ಕಿಸಾರಾಯಿ ಹಂಚಿದರು. ಸಾವಿನ ಮನೆಯ ಬಟ್ಟಲನ್ನು ನಮ್ಮಲ್ಲಿ ಯಾರು ಬೇಡವೆನ್ನುತ್ತಾರೆ? ಬೇಡವೆಂದರೆ ಸತ್ತವನಿಗೆ ಬಾಯಾರುತ್ತದಂತೆ! ಅಲ್ಲಿ ಕುಡಿದ ಇಬ್ಬರು ಮಾರನೆಯ ಸಂಜೆಗೆ ಸತ್ತರು. ಅವರ ಹೆಣದ ಮುಂದೆಯೂ ಅದೇ ಜಾಡಿ. ಎಂಥ ಪೆದ್ದರಮ್ಮ ನಾವು!

ಆರೋಗ್ಯ ಕೇಂದ್ರದ ನರ್ಸ್ ಸೊಥಿಯಾ ಬಂದು ಬೈದಳು: "ಮೊದ್ಲು ಕುಡಿದೂ ಕುಡಿದೂ ಲಿವರ್ ಕೆಟ್ಟು ವಯಸ್ಸಾದ್ಮೇಲೆ ಸಾಯ್ತಿದ್ರು. ಈಗ ಗಟ್ಟಿಮುಟ್ಟಾದ ಗಂಡಸರು ಒಂದೇ ಸಲ ಕುಡಿದು ಹೋಗ್ತಿದಾರೆ, ವರ್ಷದಿಂದ ವರ್ಷಕ್ಕೆ ಜಾಸ್ತಿ. ಬೇಗ ಮತ್ತೇರ್ಲಿ ಅಂತ ಅದೇನೋ ಸ್ಪಿರಿಟ್ ಬೆರೆಸ್ತಾರೆ. ಮೊದ್ಲು ಕಣ್ಣಿಗೆ ಮಂಜು ಕವಿಯುತ್ತೆ, ಆಮೇಲೆ ಉಸಿರು ನಿಲ್ಲುತ್ತೆ. ಮಂಜು ಅಂದ ತಕ್ಷಣ ಆಸ್ಪತ್ರೆಗೆ ಓಡಿ!"

ನನಗೆ ಅಪ್ಪನದೇ ಭಯ. ಸಾವಿನ ಮನೆಗೆಲ್ಲ ಡೋಲು ಬಾರಿಸುವವನು ಅವನೇ ತಾನೇ? ನಿನ್ನೆಯೂ ಒಂದು ಹೆಣ. ಬಾಗಿಲಿಗೆ ಅಡ್ಡ ನಿಂತೆ. "ಏಯ್, ನಿಮ್ಮಮ್ಮನ ಹಾಗೆ ಆಡ್ಬೇಡ. ಬಟ್ಟಲು ಬೇಡ ಅಂದ್ರೆ ನಾಳೆ ನನ್ನ ಹೆಣದ ಮುಂದೆ ಯಾರು ಕೂರ್ತಾರೆ?" ಎಂದ. "ಎಲ್ರೂ ಹೀಗೇ ಕುಡಿದ್ರೆ ಕೂರೋಕೆ ಊರಲ್ಲಿ ಯಾರೂ ಉಳಿಯಲ್ಲ" ಎಂದೆ. ನಕ್ಕುಬಿಟ್ಟ. "ನಿನ್ನಾಣೆ, ಬರೀ ತುಟಿಗೆ ತಾಗಿಸ್ತೀನಿ" ಎಂದು ಡೋಲು ಹೆಗಲಿಗೇರಿಸಿ ಹೋದ. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಬಂದು ಮಲಗಿದವನು ಇನ್ನೂ ಎದ್ದಿಲ್ಲ. ನೀನು ಎರಡು ಸಾಲು ಬರೆದು ಬೈದರೆ ಕೇಳುತ್ತಾನೆ. ನನ್ನ ಮಾತು ಅವನಿಗೆ ಗಾಳಿ.

ಹೊತ್ತುಹೊತ್ತಿಗೆ ಉಣ್ಣು. ಬುದ್ಧ ನಿನ್ನನ್ನು ಕಾಯಲಿ.

ನಿನ್ನ ಮಗಳು,
ಕೊಲಾಪ್

ಮರೆತು ಸೇರಿಸುತ್ತಿರುವುದಲ್ಲ, ಈಗಷ್ಟೇ ಆದದ್ದು: ಅಪ್ಪ ಎದ್ದು ಮೆಟ್ಟಿಲ ಮೇಲೆ ಕೂತ. "ಕೊಲಾಪ್, ಇವತ್ತೇನೇ ಇಷ್ಟೊಂದು ಮಂಜು?" ಎಂದು ಕೇಳಿದ. ಅಮ್ಮಾ, ಹೊರಗೆ ಸುಡುಬಿಸಿಲು. ವುಥಾ ಮಾವನ ಗಾಡಿಯಲ್ಲೇ ಆಸ್ಪತ್ರೆಗೆ ಒಯ್ಯುತ್ತಿದ್ದೇವೆ. ದಾರಿಯಲ್ಲಿ ಗಡಿಯ ಬಸ್ಸು ಸಿಕ್ಕರೆ ಇದನ್ನು ಅದರ ಡ್ರೈವರಿಗೆ ಕೊಡುತ್ತೇನೆ. ಬೈದು ಬರೆಯಬೇಡ. ಹೊರಟು ಬಾ.