ನೀಲಿ ಕೋಟಿನ ನಾಲ್ಕು ಹೊಲಿಗೆ

ಮಗಳೇ ಮಾನಸ,

ಮೇಲೆ 'ಶ್ರೀ' ಎಂದು ಬರೆಯದೆ ನಾನು ಇದುವರೆಗೆ ಒಂದು ಕಾಗದವನ್ನೂ ಬರೆದವಳಲ್ಲ. ಏಳನೇ ಕ್ಲಾಸಿನವರೆಗೆ ನಮ್ಮೂರ ಶಾಲೆಯಲ್ಲಿ ಮೇಷ್ಟ್ರು ಹಾಗೆ ಕಲಿಸಿದ್ದರು, ಇವತ್ತಿಗೂ ಸಾಮಾನಿನ ಚೀಟಿ ಬರೆದರೂ ಮೊದಲು ಶ್ರೀ. ಈ ಕಾಗದಕ್ಕೆ ಮಾತ್ರ ಹಾಕಲಿಲ್ಲ. ಇದರಲ್ಲಿರುವುದು ನಾನು ಮಾಡಿದ ಕೆಲಸ. ಅದನ್ನು ದೇವರ ಹೆಸರಿನ ಕೆಳಗೆ ಬರೆಯಲು ಕೈ ಬರಲಿಲ್ಲ.

ಹೋದ ಭಾನುವಾರ ನೀನು ಮಾಲೂರಿನಿಂದ ಬಂದಿದ್ದೆ. ಊಟ ಮಾಡುತ್ತಾ, ಏನೋ ಸಣ್ಣ ವಿಷಯದ ಹಾಗೆ ಹೇಳಿದೆ. ವೇಮಗಲ್ ಆಫೀಸಿನವರು ಮತ್ತೆ ಕೇಳಿದ್ದಾರೆ, ಹೊರಗಿನಿಂದ ಬರುವ ಕಂಪನಿಯವರನ್ನು ಎದುರುಗೊಂಡು, ಮಾತಾಡಿಸಿ, ಕಾರ್ಖಾನೆ ತೋರಿಸುವ ಅದೇ ಕೆಲಸ, ನಾಳೆ ಬಿಟ್ಟು ಮುಂದಿನ ಸೋಮವಾರದೊಳಗೆ ಹೂಂ ಅಥವಾ ಊಹೂಂ ಹೇಳಬೇಕು, ನಾನು ಊಹೂಂ ಅನ್ನುತ್ತೇನೆ ಎಂದು. "ನನ್ ಮೈಕಟ್ಟಿಗೆ ಆ ಬಟ್ಟೆಗಳೆಲ್ಲ ಒಪ್ಪಲ್ಲ ಅತ್ತಮ್ಮ. ಹೋದ್ ಸಲ ನೋಡಿದ್ನಲ್ಲ. ನೀವ್ ಹೊಲಿದ್ ಕೊಡೋದೇ ನಂಗ್ ಸರಿ" ಅಂದು, ಇನ್ನೊಂದು ಸೌಟು ಸಾರು ಬಡಿಸಿಕೊಂಡೆ. ಮುದ್ದೆ ಮುರಿಯುತ್ತಿದ್ದ ನನ್ನ ಕೈ ತಟ್ಟೆಯಲ್ಲೇ ನಿಂತುಬಿಟ್ಟಿತು. ನೀನು ಗಮನಿಸಲಿಲ್ಲ.

ನಿನ್ನ ಮೈಕಟ್ಟಿನಲ್ಲಿ ಏನೂ ತಪ್ಪಿಲ್ಲ ಮಾನಸ. ಆ ನೀಲಿ ಕೋಟಿನ ಹೊಲಿಗೆ ಬಿಚ್ಚಿದವಳು ನಾನು.

ಇದನ್ನು ಮೊದಲೇ ಬರೆದುಬಿಟ್ಟೆ. ಸುತ್ತಿ ಬಳಸಿ ಬಂದರೆ ನಡುವೆ ಎಲ್ಲೋ ಧೈರ್ಯ ಕೆಟ್ಟು ಕಾಗದವನ್ನು ಒಲೆಗೆ ಹಾಕಿಬಿಡುತ್ತೇನೆ ಅನ್ನಿಸಿತು. ಇನ್ನು ಹೇಗಾಯಿತು ಅನ್ನುವುದನ್ನು ಹೇಳುತ್ತೇನೆ, ಪೂರ್ತಿ ಓದು. ಓದಿ ಹರಿದುಹಾಕಿದರೂ ಸರಿ.

ಕದಿರೇಶ ಹೋದಾಗ ನಿನಗೆ ಇಪ್ಪತ್ತನಾಲ್ಕು. ಮದುವೆಯಾಗಿ ಒಂದೂವರೆ ವರ್ಷವೂ ತುಂಬಿರಲಿಲ್ಲ. ಜ್ವರ ಎಂದು ತಾನೇ ನಡೆದುಕೊಂಡು ಆಸ್ಪತ್ರೆಗೆ ಹೋದ ಮಗ, ಐದನೇ ದಿನ ಅಲ್ಲಿಂದ ನಡೆದು ಬರಲಿಲ್ಲ. ಕರ್ಮಗಳೆಲ್ಲ ಮುಗಿದ ಮೇಲೆ ನಿಮ್ಮಪ್ಪ ರಾಮಚಂದ್ರಪ್ಪನವರು ನಿನ್ನನ್ನು ಕರೆದುಕೊಂಡು ಹೋಗಲು ಮುಳಬಾಗಿಲಿನಿಂದ ಕಾರು ಮಾಡಿಕೊಂಡು ಬಂದಿದ್ದರು. ನೀನು ಬ್ಯಾಗು ಹಿಡಿದು ಬಾಗಿಲವರೆಗೆ ಹೋದವಳು ತಿರುಗಿ ನನ್ನನ್ನು ನೋಡಿದೆ. ಬ್ಯಾಗು ಕೆಳಗಿಟ್ಟೆ. ಅಪ್ಪನಿಗೆ, "ನಾನ್ನಾ, ಅತ್ತಮ್ಮ ಮಾವ ಇಬ್ರೇ ಆಗ್ಬಿಡ್ತಾರೆ. ನಾನ್ ಇಲ್ಲೇ ಇರ್ತೀನಿ" ಅಂದೆ. ನಿಮ್ಮಪ್ಪ ಅಳುತ್ತಾ ಹೋದರು. ನಾನು ಆ ಹೊತ್ತಿನಲ್ಲಿ ಅವರ ಅಳುವನ್ನು ನೋಡಲಿಲ್ಲ, ನೋಡಬೇಕಿತ್ತು. ಕೆಳಗಿಟ್ಟ ನಿನ್ನ ಬ್ಯಾಗನ್ನೇ ನೋಡುತ್ತಿದ್ದೆ.

ಆರು ತಿಂಗಳಾದ ಮೇಲೆ ನೀನು ಬಿ.ಕಾಂ. ಓದಿದ್ದು ಕೆಲಸಕ್ಕೆ ಬಂತು, ವೇಮಗಲ್ ಕಾರ್ಖಾನೆಯ ಆಫೀಸಿನಲ್ಲಿ ಸೇರಿದೆ. ಒಳಗೆ ಕೂತು ಕಂಪ್ಯೂಟರಿನಲ್ಲಿ ಮಾಡುವ ಕೆಲಸ. ಚೂಡಿದಾರ್ ಹೊಲಿದುಕೊಟ್ಟವಳು ನಾನೇ. ಮೂವತ್ತು ವರ್ಷದಿಂದ ಈ ಊರಿನ ಹೆಂಗಸರಿಗೆ ಹೊಲಿದಿದ್ದೇನೆ. ಯಾವ ಭುಜಕ್ಕೆ ಯಾವ ಕಟಿಂಗು ಕೂರುತ್ತದೆ, ದಪ್ಪ ಇರುವವರು ಯಾವುದರಲ್ಲಿ ತೆಳ್ಳಗೆ ಕಾಣುತ್ತಾರೆ, ದಿನವಿಡೀ ಕೂತು ಕೆಲಸ ಮಾಡುವವರಿಗೆ ಎಲ್ಲಿ ಸಡಿಲ ಬಿಡಬೇಕು, ಇದೆಲ್ಲ ನನ್ನ ಬೆರಳಿಗೆ ಗೊತ್ತು. ಆದರೆ ನಿನಗೆ ಹೊಲಿದದ್ದು ಹೇಗೆ? ಕತ್ತಿನ ಗುಳಿ ಮುಚ್ಚುವ ಹಾಗೆ, ಕೈ ಮಣಿಕಟ್ಟಿನವರೆಗೆ, ಸೊಂಟದಲ್ಲಿ ಎರಡೂ ಕಡೆ ನಾಲ್ಕು ಬೆರಳು ಸಡಿಲ. ಬಣ್ಣವೋ, ಬೂದಿ ಇಲ್ಲವೆ ಕಾಫಿಪುಡಿ. "ಆರಾಮಾಗಿರುತ್ತೆ ಕಣಮ್ಮ, ಗಾಳಿ ಆಡುತ್ತೆ" ಎಂದು ಹೇಳಿ ಕೊಟ್ಟೆ. ತೋಳಿನ ಅಂಚು ಟೈಪು ಮಾಡುವಾಗ ಕೀಲಿಗಳ ಮೇಲೆ ಎಳೆಯುತ್ತಿತ್ತಂತೆ, ವೇಲು ಕುರ್ಚಿಯ ಚಕ್ರಕ್ಕೆ ಸಿಕ್ಕಿ ಒಂದು ದಿನ ಕತ್ತು ಹಿಡಿದುಕೊಂಡಿತಂತೆ. ನೀನು ಜಗಳ ಮಾಡಲಿಲ್ಲ. ಒಂದೇ ಸಲ ತಮಾಷೆಗೆ, "ಅತ್ತಮ್ಮ, ಇದ್ರೊಳಗೆ ಇನ್ನೊಂದ್ ಸಂಸಾರ ಬಾಡಿಗೆಗೆ ಇಡ್ಬೋದು" ಅಂದೆ. ನಿನ್ನ ಮಾವ ಪೇಪರಿನ ಹಿಂದೆ ನಕ್ಕರು. ನಾನು ನಗಲಿಲ್ಲ.

ಹೋದ ವರ್ಷ ಆಷಾಢದಲ್ಲಿ ಆ ಹೊಸ ಕೆಲಸದ ಮಾತು ಮೊದಲ ಸಲ ಬಂತು. ಪ್ಯಾಂಟು, ಶರ್ಟು, ಮೇಲೊಂದು ಕೋಟು ಹಾಕಿಕೊಂಡು ಬೆಂಗಳೂರಿನಿಂದ ಬರುವ ದೊಡ್ಡವರ ಮುಂದೆ ಮಾತಾಡಿ ತೋರಿಸಬೇಕು ಅಂದೆ. "ನೀವೇ ಹೊಲಿದ್ಬಿಡಿ ಅತ್ತಮ್ಮ" ಎಂದು ಕೇಳಿದೆ. ನನಗೆ ಪ್ಯಾಂಟು ಬರೋದಿಲ್ಲ ಎಂದು ಹೇಳಿದೆ. ಅದು ನನ್ನ ಮೊದಲ ಸುಳ್ಳು. ಕದಿರೇಶನ ಯೂನಿಫಾರ್ಮ್ ಪ್ಯಾಂಟುಗಳನ್ನೆಲ್ಲ ಯಾರು ಹೊಲಿದರು ಅಂದುಕೊಂಡೆ?

ಹಾಗಾಗಿ ಕೋಲಾರಕ್ಕೆ ಹೋದೆವು. ನಿನಗೆ ಆ ದಿನ ನೆನಪಿರುತ್ತದೆ. ಮೊದಲ ಅಂಗಡಿಯಲ್ಲಿ ತೊಡೆಗೆ ಸರಿಯಾದ ಪ್ಯಾಂಟಿನ ಸೊಂಟದಲ್ಲಿ ಮುಷ್ಟಿ ತೂರುತ್ತಿತ್ತು, ಸೊಂಟಕ್ಕೆ ಸರಿಯಾದದ್ದು ತೊಡೆಗೇ ಏರಲಿಲ್ಲ. ಎರಡನೆಯ ಕಡೆ ಶರ್ಟಿನ ಗುಂಡಿಗಳ ನಡುವೆ ಎದೆಯ ಹತ್ತಿರ ಬಾಯಿ ಬಿಡುತ್ತಿತ್ತು. ಆ ಹುಡುಗ, "ಕೈ ಎತ್ತಬೇಡಿ ಮೇಡಂ, ಆಗ ಚೆನ್ನಾಗ್ ಕಾಣುತ್ತೆ" ಅಂದ. "ಕೈ ಎತ್ತದೆ ಬಸ್ಸಲ್ಲಿ ಕಂಬಿ ಹಿಡ್ಕೊಳೋದ್ ಹೆಂಗಣ್ಣ?" ಎಂದು ನೀನು ಕೇಳಿದ್ದಕ್ಕೆ ಅಂಗಡಿಯವರೆಲ್ಲ ನಕ್ಕರು. ಮೂರನೆಯ ಅಂಗಡಿಯಲ್ಲಿ ಪ್ಯಾಂಟು ಶರ್ಟು ಹೇಗೋ ಹೊಂದಿದವು, ಆ ನೀಲಿ ಕೋಟೂ ಸಿಕ್ಕಿತು. ನೀನು ಪರದೆ ಸರಿಸಿ ಹೊರಗೆ ಬಂದಾಗ ನಾನು ಅತ್ತೆಯಾಗಿ ನೋಡಲಿಲ್ಲ, ಟೈಲರಾಗಿ ನೋಡಿದೆ. ಭುಜದ ಹೊಲಿಗೆ ಭುಜದ ಮೂಳೆಯ ಮೇಲೆ ಸರಿಯಾಗಿ ಕೂತಿತ್ತು. ಹಿಂದೆ ಎರಡು, ಮುಂದೆ ಎರಡು ಡಾಟು. ನಿನಗೆ ಹೊಲಿಗೆ ಗೊತ್ತಿಲ್ಲ, ಅದಕ್ಕೆ ಹೇಳುತ್ತೇನೆ. ಸೊಂಟದ ಹತ್ತಿರ ಬಟ್ಟೆಯನ್ನು ಒಳಗೆ ಮಡಚಿ ಸಣ್ಣಗೆ ಹಿಡಿದು ಹಾಕುವ ಹೊಲಿಗೆಗೆ ಡಾಟು ಅನ್ನುತ್ತೇವೆ. ಕೋಟು ಮೈಯನ್ನು ಹಿಂಡದೆ ಮೈಯ ಜೊತೆ ಹೋಗುವುದು ಅದರಿಂದಲೇ. ಹೊಲಿದ ಕೈ ಯಾರದೋ, ಒಳ್ಳೆಯ ಕೈ. ನೀನು ಎರಡೂ ಕೈ ಮೇಲೆತ್ತಿದೆ, ಸ್ಟೂಲಿನ ಮೇಲೆ ಕೂತೆ, ಬಗ್ಗಿದೆ, ಎದ್ದೆ. ಎಲ್ಲೂ ಎಳೆಯಲಿಲ್ಲ. "ಅತ್ತಮ್ಮ, ಉಸಿರಾಡ್ಬೋದು ಇದ್ರಲ್ಲಿ!" ಅಂದೆ. ನಕ್ಕೆ. ಎರಡು ವರ್ಷದ ಮೇಲೆ ಆ ನಗು.

ಬೇರೆ ಯಾರಾದರೂ ಆಗಿದ್ದರೆ ದೇವರಿಗೆ ತೆಂಗಿನಕಾಯಿ ಒಡೆಯುತ್ತಿದ್ದರು.

ಊರಿಗೆ ಬಂದು ಬಸ್ಸಿಳಿದಾಗ ಎದುರುಮನೆಯ ದೊಡ್ಡಮುನಿಯಮ್ಮ ಕೈಚೀಲದೊಳಗೆ ಇಣುಕಿದಳು. ನೀನು ಮುಂದೆ ನಡೆದಿದ್ದೆ, ಅವಳು ನನ್ನನ್ನು ನಿಲ್ಲಿಸಿಕೊಂಡು, "ಅಮ್ಮೋ, ಸೊಸೆಗೆ ಸೂಟಾ? ಕಾರ್ಖಾನೆಗ್ ಹೋಗ್ತಾಳೋ ಗಂಡು ನೋಡಕ್ ಹೋಗ್ತಾಳೋ? ಈ ವೇಷದಲ್ಲಿ ಹೊರಗ್ ಹೋದ್ರೆ ಅವಳು ನಿನ್ ಮನೇಲಿ ಎಷ್ಟ್ ದಿನ ಇರ್ತಾಳೆ ನೋಡ್ತಿರು ಆದಿಲಕ್ಷ್ಮಿ" ಅಂದಳು. ನಾನು ಅವಳಿಗೆ ಬೈದೆ. ಬೈದು ಮನೆಗೆ ಬಂದೆ, ಮಾತು ನನ್ನ ಜೊತೆಗೇ ಬಂತು.

ಮಾರನೆಯ ದಿನ ಆಫೀಸಿನಿಂದ ಬಂದು ಕೋಟು ಹಾಕಿಕೊಂಡು ನಮ್ಮ ಕನ್ನಡಿಯ ಮುಂದೆ ನಿಂತು ನೀನು ಇಂಗ್ಲಿಷಿನಲ್ಲಿ ಮಾತಾಡಿ ಅಭ್ಯಾಸ ಮಾಡಿದೆ. ಬೆನ್ನು ನೆಟ್ಟಗಿತ್ತು. ನನ್ನ ಸೊಸೆ ಎಷ್ಟು ಎತ್ತರ ಇದ್ದಾಳೆ ಎಂದು ಅವತ್ತೇ ನನಗೆ ತಿಳಿದದ್ದು. ಆಮೇಲೆ ನೀನು ಕೋಟು ಬಿಚ್ಚಿಟ್ಟು ಹಾಲಿನ ಕ್ಯಾನು ಹಿಡಿದು ಡೈರಿಗೆ ಹೋದೆ. ಅಲ್ಲಿ ಸಾಲು ಉದ್ದ ಇರುತ್ತದೆ, ಒಂದು ಗಂಟೆಯಾಗುತ್ತದೆ ಎಂದು ನನಗೆ ಗೊತ್ತಿತ್ತು.

ನಾನು ಬಾಗಿಲು ಹಾಕಿಕೊಂಡೆ. ಕೋಟಿನ ಲೈನಿಂಗನ್ನು ಕೆಳಗಡೆ ಬಿಚ್ಚಿ, ಒಳಗಿಂದ ನಾಲ್ಕು ಡಾಟನ್ನೂ ಬಿಚ್ಚಿದೆ. ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಮಾಡಿ ಮಡಿಕೆಯ ಗುರುತು ಅಳಿಸಿದೆ. ಲೈನಿಂಗನ್ನು ಮತ್ತೆ ಕೈಹೊಲಿಗೆಯಲ್ಲಿ ಮುಚ್ಚಿದೆ. ಬಿಚ್ಚಿದ್ದು ಯಾರ ಕಣ್ಣಿಗೂ ಕಾಣದ ಹಾಗೆ ಮಾಡುವುದು ನನ್ನ ಕಸುಬು. ಮಿಷನ್ನಿನ ಮೇಲೆ ಕೋಲಾರಮ್ಮನ ಪಟ ಇದೆಯಲ್ಲ, ಅದರ ಮುಂದೆಯೇ ಮಾಡಿದೆ. ಕೈ ನಡುಗಿತು ಎಂದು ಬರೆಯಲು ಆಸೆಯಾಗುತ್ತದೆ. ನಡುಗಲಿಲ್ಲ.

ಬೆಳಿಗ್ಗೆ, "ಊರಲ್ಲಿ ಹಾಕ್ಕೊಂಡ್ ಹೋಗ್ಬೇಡ, ಅಲ್ಲೇ ಹೋಗಿ ಹಾಕ್ಕೋ" ಎಂದು ನಾನೇ ಮಡಚಿ ಬ್ಯಾಗಿಗೆ ಇಟ್ಟೆ. ನೀನು ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದೆ.

ಸಂಜೆ ನಲ್ಲಿಯ ಹತ್ತಿರ ಕಾಲು ತೊಳೆಯುತ್ತಾ ನೀನು ಹೇಳಿದ್ದು ಅಕ್ಷರ ಅಕ್ಷರವೂ ನನಗೆ ನೆನಪಿದೆ. ಕೋಟು ಹಾಕಿಕೊಂಡು ಹೊರಗೆ ಬಂದಾಗ ಹೊಸದಾಗಿ ಸೇರಿದ ಹುಡುಗಿಯೊಬ್ಬಳು, "ಯಾರ್ ಕೋಟ್ ರೀ ಇದು ಮಾನಸ, ನಿಮ್ ಯಜಮಾನ್ರುದಾ?" ಅಂದಳಂತೆ. ಅಲ್ಲಿದ್ದವರು ನಕ್ಕರಂತೆ. "ಅವ್ಳಿಗೆ ಗೊತ್ತಿರ್ಲಿಲ್ಲ ಅತ್ತಮ್ಮ, ಪಾಪ ಹೊಸಬಳು. ನಾನೂ ನಕ್ಕೆ. ಆಮೇಲೆ ಒಳಗ್ ಹೋದ್ರೆ ಬಾಯಲ್ಲಿ ಮಾತೇ ಬರ್ಲಿಲ್ಲ. ನಮ್ ಮನೆ ಕನ್ನಡೀಲಿ ಚೆನ್ನಾಗ್ ಕಂಡಿತ್ತಲ್ವಾ? ಮನೆ ಕನ್ನಡಿ ಸುಳ್ಳು ಹೇಳ್ತು ನೋಡಿ."

ಆಗ ಹೇಳಬಹುದಿತ್ತು. ನಾನು ಹೇಳಿದ್ದು, "ಹೋಗ್ಲಿ ಬಿಡು ಕಣೇ, ನಮ್ಮಂಥೋರಿಗೆ ಅವೆಲ್ಲ ಯಾಕೆ" ಅಂತ. ಹಾಲು ಬಿಸಿ ಮಾಡಿ ಕೊಟ್ಟೆ. ನೀನು ಕುಡಿದೆ.

ಆಮೇಲೆ ನಿನಗೆ ವೇಮಗಲ್ಲಿನಲ್ಲಿ ಮುಖ ತೋರಿಸಲು ಆಗಲಿಲ್ಲ. ನೀನಾಗಿಯೇ ಕೇಳಿಕೊಂಡು ಅದೇ ಕಂಪನಿಯ ಮಾಲೂರಿನ ಕಾರ್ಖಾನೆಯ ಸ್ಟೋರ್ಸಿಗೆ ಹೋದೆ, ಯಾರೂ ಬಂದು ನೋಡದ ಜಾಗ. ಅಲ್ಲೇ ರೂಮು ಮಾಡಿದೆ. ಮನೆಯಲ್ಲಿ ಉಳಿಸಿಕೊಳ್ಳಲೆಂದು ನಾನು ಬಿಚ್ಚಿದ ಹೊಲಿಗೆ ನಿನ್ನನ್ನು ಮನೆಯಿಂದಲೇ ಕಳಿಸಿತು.

ದೊಡ್ಡಮುನಿಯಮ್ಮನ ಮೇಲೆ ಹಾಕಿ ತಪ್ಪಿಸಿಕೊಳ್ಳಬಹುದು. ಊರಿನ ಬಾಯಿ, ಮಾನ ಮರ್ಯಾದೆ, ಎಳೇ ವಯಸ್ಸಿನ ವಿಧವೆ, ಹೀಗೆ ಬೇಕಾದಷ್ಟು ಮಾತಿದೆ. ಅದು ಯಾವುದೂ ಅಲ್ಲ. ಕದಿರೇಶ ತೊಟ್ಟ ಅಂಗಿಗಳನ್ನು ಯಾರು ಯಾರಿಗೋ ಕೊಟ್ಟೆವು, ಅವನ ಬೈಕು ಮಾರಿದೆವು. ಅವನು ಆಸೆಪಟ್ಟು ಈ ಮನೆಗೆ ತಂದದ್ದರಲ್ಲಿ ಉಳಿದದ್ದು ನೀನೊಬ್ಬಳು. ಕನ್ನಡಿಯ ಮುಂದೆ ನೀನು ನಿಂತ ರೀತಿ ನೋಡಿದಾಗ, ಇವಳನ್ನು ಯಾರಾದರೂ ನೋಡುತ್ತಾರೆ, ನೋಡಿದವರು ಬಿಡುವುದಿಲ್ಲ ಅನ್ನಿಸಿತು. ಅವನನ್ನು ಎರಡನೆಯ ಸಲ ಕಳಿಸಿಕೊಡಲು ನನ್ನಿಂದ ಆಗುತ್ತಿರಲಿಲ್ಲ. ನೀನು ಅವನ ವಸ್ತುವಲ್ಲ, ರಾಮಚಂದ್ರಪ್ಪನವರ ಮಗಳು, ಒಂದು ಜೀವ ಅನ್ನುವುದು ಆ ಒಂದು ಗಂಟೆ ನನಗೆ ನೆನಪೇ ಆಗಲಿಲ್ಲ.

ಶ್ರಾವಣದ ಶನಿವಾರ ಚಿಕ್ಕತಿರುಪತಿಗೆ ಹೋಗಿದ್ದೆ. ಮೂರು ಗಂಟೆ ಸಾಲಿನಲ್ಲಿ ನಿಂತು ಸ್ವಾಮಿಯ ಮುಂದೆ ಬಂದಾಗ ಕೇಳಿಕೊಳ್ಳಲು ಏನೂ ಹೊಳೆಯಲಿಲ್ಲ. ಕ್ಷಮಿಸಪ್ಪಾ ಅನ್ನೋಣ ಅಂದರೆ, ಅನ್ಯಾಯ ಆದದ್ದು ಸ್ವಾಮಿಗಲ್ಲವಲ್ಲ. ಕೈ ಮುಗಿದು ಸುಮ್ಮನೆ ಹೊರಗೆ ಬಂದೆ.

ನಿನ್ನ ಮಾವನಿಗೆ ನಿನ್ನೆ ಹೇಳಿದೆ. ಅವರು ಬೈಯಲಿಲ್ಲ. ತಟ್ಟೆ ಸರಿಸಿ ಎದ್ದು ಹೋಗಿ ಹಸುವಿಗೆ ಹುಲ್ಲು ಹಾಕಿದರು. ಬಂದು, "ಬರೆದ್ ಕೊಡು, ನಾನ್ ಹೋಗಿ ಕೊಟ್ ಬರ್ತೀನಿ. ಉತ್ತರ ಗಿತ್ತರ ಕೇಳಲ್ಲ" ಅಂದರು. ಶನಿವಾರ ಬೆಳಗಿನ ಬಸ್ಸಿಗೆ ಅವರು ಬರುತ್ತಾರೆ. ಅವರ ಮೇಲೆ ಕೋಪ ಮಾಡಿಕೊಳ್ಳಬೇಡ, ಅವರಿಗೆ ಏನೂ ಗೊತ್ತಿರಲಿಲ್ಲ. ಒಂದು ಲೋಟ ಕಾಫಿ ಕೊಟ್ಟು ಕಳಿಸು.

ನೀನು ಇಲ್ಲೇ ಬಿಟ್ಟುಹೋದ ಕೋಟನ್ನು ಅವರ ಕೈಯಲ್ಲಿ ಕಳಿಸಿದ್ದೇನೆ. ನಾಲ್ಕು ಡಾಟನ್ನೂ ಹಳೆಯ ಸೂಜಿ ತೂತುಗಳನ್ನು ಹುಡುಕಿ ಹುಡುಕಿ ಅದೇ ಜಾಗಕ್ಕೆ ಹಾಕಿದ್ದೇನೆ, ನನ್ನ ಅಂದಾಜು ಎಲ್ಲೂ ಸೇರಿಸಿಲ್ಲ. ಮಾಲೂರಿನ ಊಟಕ್ಕೆ ನೀನು ಸ್ವಲ್ಪ ಇಳಿದಿದ್ದೀಯ, ಹಿಂದೆ ಒಂಚೂರು ಸಡಿಲ ಅನ್ನಿಸಿದರೆ ಅಲ್ಲಿ ಒಳ್ಳೆಯ ಟೈಲರಿಗೆ ತೋರಿಸು, ನನಗೆ ಕಳಿಸಬೇಡ. ಶರ್ಟು ಒಂದು ಹೊಸದಾಗಿ ಹೊಲಿದಿದ್ದೇನೆ. ಎದೆಯ ಹತ್ತಿರ ಎರಡು ಗುಂಡಿಯ ನಡುವೆ ಒಳಗಡೆ ಒಂದು ಟಿಚ್ ಬಟನ್ ಇದೆ, ಬಸ್ಸಿನಲ್ಲಿ ಕೈ ಎತ್ತಿದರೂ ಬಾಯಿ ಬಿಡುವುದಿಲ್ಲ. ಪ್ಯಾಂಟಿಗೆ ಹಿಂದುಗಡೆ ಮಾತ್ರ ಎಲಾಸ್ಟಿಕ್ ಕೊಟ್ಟಿದ್ದೇನೆ, ಕೂತಾಗ ಹೊಟ್ಟೆ ಒತ್ತುವುದಿಲ್ಲ, ಮುಂದೆ ನೋಡಿದವರಿಗೆ ಕಾಣುವುದೂ ಇಲ್ಲ. ಎರಡೂ ಕಡೆ ಜೇಬು ಇಟ್ಟಿದ್ದೇನೆ, ಫೋನು ಹಿಡಿಯುವಷ್ಟು ಆಳ. ಬರುತ್ತದೆ ನನಗೆ ಪ್ಯಾಂಟು.

ಇನ್ನೊಂದು. ಹೊಸ ಬಟ್ಟೆಯ ಮೂಲೆಗೆ ಅರಿಶಿನ ಹಚ್ಚದೆ ನಾನು ಯಾರ ಬಟ್ಟೆಯನ್ನೂ ಕೊಟ್ಟವಳಲ್ಲ. ಮೂರು ವರ್ಷದಿಂದ ನಿನ್ನ ಬಟ್ಟೆಗೆ ಮಾತ್ರ ಹಚ್ಚಿರಲಿಲ್ಲ. ನೀನು ಪ್ರತಿ ಸಲ ಮೂಲೆ ತಿರುಗಿಸಿ ನೋಡಿ, ಏನೂ ಅನ್ನದೆ ಮಡಚಿಡುತ್ತಿದ್ದುದನ್ನು ನಾನು ನೋಡಿದ್ದೇನೆ. ಈ ಸಲ ಮೂರಕ್ಕೂ ಹಚ್ಚಿದ್ದೇನೆ.

ಸೋಮವಾರ ಏನು ಹೇಳುತ್ತೀಯೋ ಅದು ನಿನಗೆ ಬಿಟ್ಟದ್ದು. ಆದರೆ ಊಹೂಂ ಅನ್ನುವುದಾದರೆ ಕೆಲಸ ಇಷ್ಟವಿಲ್ಲ ಎಂದು ಅನ್ನು. ನಿನ್ನ ಮೈ ಸರಿಯಿಲ್ಲ ಎಂದು ಮಾತ್ರ ಅನ್ನಬೇಡ. ಭಾನುವಾರ ಬರಬೇಕೆಂದು ನಾನು ಕರೆಯುವುದಿಲ್ಲ. ಮುಳಬಾಗಿಲಿಗೆ ಹೋಗು, ನಿಮ್ಮಪ್ಪನಿಗೆ ವಯಸ್ಸಾಗಿದೆ, ಕಾಯುತ್ತಿರುತ್ತಾರೆ.

ಮುಂದೆ ಯಾರಾದರೂ ಒಳ್ಳೆಯವನು ನಿನ್ನನ್ನು ನೋಡಿ ಇಷ್ಟಪಟ್ಟು, ನಿನಗೂ ಇಷ್ಟವಾದರೆ, ಅತ್ತಮ್ಮ ಏನಂದುಕೊಳ್ಳುತ್ತಾಳೋ ಎಂದು ಒಂದು ಗಳಿಗೆಯೂ ನಿಲ್ಲಬೇಡ. ಆ ಮದುವೆಯ ರವಿಕೆ ಹೊಲಿಯಲು ನನ್ನನ್ನು ಕೇಳಬೇಡ, ನನ್ನ ಕೈಗೆ ಆ ಯೋಗ್ಯತೆ ಇಲ್ಲ. ದಿನ ಯಾವುದೆಂದು ತಿಳಿಸಿದರೆ ಸಾಕು. ಮನೆಯಲ್ಲೇ ಕೂತು ನಿನ್ನೂರಿನ ದಿಕ್ಕಿಗೆ ಅಕ್ಷತೆ ಹಾಕುತ್ತೇನೆ.

ತಾಯಿ ಕೋಲಾರಮ್ಮ ನಿನ್ನ ಬೆನ್ನನ್ನು ನೆಟ್ಟಗೆ ಇಟ್ಟಿರಲಿ. ಹೋಗಿ ಬಾ ಅನ್ನುವುದಿಲ್ಲ, ಹೋಗು ಮಗಳೇ, ಚೆನ್ನಾಗಿರು.

ಕ್ಯಾಲನೂರಿನಿಂದ,
ಆದಿಲಕ್ಷ್ಮಿ