ಅರ್ಜಿ ಬರೆದವರ ಹೆಸರು

೮-೧೧-೧೯೮೩, ಮಂಗಳವಾರ

ತಾಲೂಕು ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ ಇಂದು ಮಧ್ಯಾಹ್ನದವರೆಗೆ ನಾಲ್ಕೇ ಅರ್ಜಿ ಬರೆದೆ. ಎರಡು ಪಹಣಿ, ಒಂದು ಜಾತಿ ಸರ್ಟಿಫಿಕೇಟು, ಒಂದು ಬಾವಿಯ ತಂಟೆ. ಖಲಂದರನ ಚಹಾದಂಗಡಿಯ ಬೆಂಚು ಮತ್ತೆ ನನ್ನ ಮೇಜಿನ ಹತ್ತಿರ ಸರಿದಿದೆ. ಅಲ್ಲಿ ಕುಳಿತವರಿಗೆ ಎಲ್ಲ ಕೇಳುತ್ತದೆ. ಆಚೆ ಸರಿಸು ಎಂದರೆ ನಗುತ್ತಾನೆ. ಯಾರ ಮಾತು ಕೇಳಿ ಇಟ್ಟಿದ್ದಾನೋ.

ಮಧ್ಯಾಹ್ನ ಒಬ್ಬ ಹೆಂಗಸು ಬಂದಳು, ಕಂಕುಳಲ್ಲಿ ಹಿಟ್ಟಿನ ಡಬ್ಬಿ. ಹುಚ್ಚವ್ವ, ಸಿಂದಗಿ ಕಡೆಯವಳು. ತಡಸದ ರಸ್ತೆಯ ಕಲ್ಲಿನ ಕ್ವಾರಿಗೆ ಜಲ್ಲಿ ಖಡಿ ಒಡೆಯಲು ಗುತ್ತಿಗೆದಾರ ತಂದ ಹದಿನಾರು ಜನರಲ್ಲಿ ಒಬ್ಬಳು. ಸಂಜೆಯಾದರೆ ಎಲ್ಲರನ್ನೂ ತಗಡಿನ ಶೆಡ್ಡಿಗೆ ಕೂಡಿ ಹೊರಗಿನಿಂದ ಬೀಗವಂತೆ. ಗಂಡ ಮೈಲಾರಪ್ಪನ ಕೈ ಜಜ್ಜಿ ಕೀವು ತುಂಬಿದೆ. ದವಾಖಾನೆಗೆ ಬಿಡುತ್ತಿಲ್ಲ. ಇವಳ ಜೊತೆ ಬಂದ ಕಾವಲಿನವನ ಹೆಂಡತಿ ಇನ್ನೂ ಹಿಟ್ಟಿನ ಗಿರಣಿಯಲ್ಲಿ ಪಾಳಿ ಕಾಯುತ್ತಿದ್ದಾಳೆ, ಇವಳು ಅಷ್ಟರಲ್ಲಿ ಜಾರಿಕೊಂಡು ಬಂದಿದ್ದಾಳೆ.

"ಹೆಸರ ಬರೀಬ್ಯಾಡ್ರಿ ಯಪ್ಪಾ. ಗೊತ್ತಾದ್ರ ಉಳಸೂದಿಲ್ಲ."

"ಹೆಸರಿಲ್ಲದ ಅರ್ಜಿ ಯಾರೂ ಓದೂದಿಲ್ಲವಾ. ಸೀದಾ ಬುಟ್ಟಿಗೆ ಹೋಗ್ತದ."

ಹೆಸರು ಹಾಕಿಯೇ ಬರೆದು ಓದಿ ಹೇಳಿದೆ. ಆಮೇಲೆ ಹೆಬ್ಬೆಟ್ಟು ಒತ್ತಿದಳು. ಮಸಿಯನ್ನು ಡಬ್ಬಿಯ ಹಿಟ್ಟಿನಲ್ಲೇ ತಿಕ್ಕಿ ಒರೆಸಿಕೊಂಡು ಓಡಿದಳು.

೯-೧೧, ಬುಧವಾರ

ಹುಚ್ಚವ್ವನ ಅರ್ಜಿ ಜಿಲ್ಲೆಯ ಮೇಲಿನ ಕಚೇರಿಗೆ, ರಜಿಸ್ಟರ್ ಟಪಾಲಿನಲ್ಲಿ. ಇಲ್ಲಿನ ಕಚೇರಿಯಲ್ಲಿ ಕೊಟ್ಟರೆ ಗುತ್ತಿಗೆದಾರನ ಕೈಗೇ ಹೋದೀತು. ಲಕೋಟೆಯ ಗೋಂದು ಮೂರು ಸಲ ಒತ್ತಿ ನೋಡಿದೆ. ಪೋಸ್ಟ್‌ಮಾಸ್ತರ ವಿಳಾಸವನ್ನು ಬೇಕೆಂದೇ ನಿಧಾನವಾಗಿ ಓದಿದ.

ಅರ್ಜಿಯ ಕೆಳಗೆ 'ಬರೆದವರು: ಶ್ರೀಪಾದ, ಸವಣೂರು' ಎಂದು ಹಾಕುವುದು ಇಪ್ಪತ್ತು ವರ್ಷದ ವಾಡಿಕೆ. ಈ ಸಲ ಹಾಕಲಿಲ್ಲ. ಗುತ್ತಿಗೆದಾರನ ಜನ ಎಲ್ಲ ಕಡೆ ಇದ್ದಾರೆ. ಹುಷಾರಾಗಿರುವುದು ಒಳ್ಳೆಯದು.

೨೯-೧೧, ಮಂಗಳವಾರ

ಕಚೇರಿ ಜವಾನ ರಾಜೇಸಾಬ ಬೀಡಿ ಸೇದಲು ಮರದ ಕೆಳಗೆ ಬಂದ.

"ಖಡಿ ಅರ್ಜಿ ಮ್ಯಾಲಿಂದ ಕೆಳಗ ಬಂದೈತ್ರಿ, ರಾಯರ. ಗುತ್ತಿಗೆದಾರನ ಜಬಾಬು ಕೇಳ್ಯಾರ. ಅಂವಗ ಅರ್ಜೀನಽ ಕಳಿಸ್ಯಾರ. ನಾನ ಒಯ್ದು ಕೊಟ್ಟೇನಿ."

"ಹೆಬ್ಬೆಟ್ಟಿನ ಅರ್ಜಿ? ಅದನ್ನೇ?"

"ಮತ್ತ್ಯಾವುದ್ರಿ? ಅದನ್ನ ನೋಡಿನಽ ಜಬಾಬು ಬರೀಬೇಕಲ್ಲ. ಹಂಗ ಐತ್ರಿ ಪದ್ಧತಿ."

ಗೋಂದು ಒತ್ತಿ ನೋಡಿದವನು ನಾನು. ಬೆಂಚಿನ ಮೇಲೆ, ಪೋಸ್ಟ್‌ಮಾಸ್ತರನ ಮೇಲೆ ಸಂಶಯಪಟ್ಟವನು ನಾನು. ಕಾಗದ ಮಾತ್ರ ಠಸ್ಸೆ ಒತ್ತಿಸಿಕೊಂಡು, ರಾಜಾರೋಷವಾಗಿ, ಜವಾನನ ಕೈಯಲ್ಲಿ ಹೋಯಿತು. ಹೆಸರು ಬೇಡ ಎಂದಿದ್ದಳು. ಕಾಯಿದೆ ಹೇಳಿ ಒತ್ತಿಸಿದೆ.

೧೨-೧೨, ಸೋಮವಾರ

ಉತ್ತರ ಹೊರಟಿದೆ. ರಾಜೇಸಾಬ ಕಾಪಿ ತೋರಿಸಿದ. ನಿಂತಲ್ಲೇ ಇಳಿಸಿಕೊಂಡೆ:

"ಸ್ಥಳ ವಿಚಾರಣೆ ಮಾಡಲಾಗಿ, ಹುಚ್ಚವ್ವ ಎಂಬ ಹೆಸರಿನ ಮಹಿಳೆ ಸದರಿ ಸ್ಥಳದಲ್ಲಿ ಇರುವುದಿಲ್ಲ. ಕೂಲಿಕಾರರೆಲ್ಲರೂ ಸ್ವಸಂತೋಷದಿಂದ ಇರುತ್ತಾರೆ. ಆದ್ದರಿಂದ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ."

ಉತ್ತರ ಕಳಿಸಿದ್ದು ಯಾರಿಗೆ? ಶ್ರೀಮತಿ ಹುಚ್ಚವ್ವ, ಕಲ್ಲಿನ ಕ್ವಾರಿ, ತಡಸ ರಸ್ತೆ. ಇಲ್ಲದವಳಿಗೆ, ಅವಳು ಇಲ್ಲದ ಜಾಗಕ್ಕೆ. ಬರೆದ ಗುಮಾಸ್ತನಿಗೆ ನಗುವೂ ಬರಲಿಲ್ಲವೇ?

ಇರುವುದಿಲ್ಲ ಎಂದರೆ ಏನರ್ಥ... ಓಡಿಹೋದಳೋ. ಹೊಡೆದು ಹಾಕಿದರೋ.

೧೩-೧೨, ಮಂಗಳವಾರ

ತಡಸದ ಬಸ್ಸಿನಲ್ಲಿ ಹೋಗಿ ಬಂದೆ. ಕ್ವಾರಿ ಖಾಲಿ. ಶೆಡ್ಡಿನ ಬಾಗಿಲು ತೆರೆದಿತ್ತು. ಮೂರು ಕಲ್ಲಿನ ಒಲೆಗಳು, ಬೂದಿ. ಪಾನಪಟ್ಟಿ ಅಂಗಡಿಯವ ಮೊದಲು ಬಾಯಿ ಬಿಡಲಿಲ್ಲ. ಆಮೇಲೆ ಹೇಳಿದ: ಸಾಹೇಬರು ವಿಚಾರಣೆಗೆ ಬರುವ ಹಿಂದಿನ ದಿನ ಹದಿನಾರೂ ಜನರನ್ನು ಲಾರಿಗೆ ಹತ್ತಿಸಿದರು. ಲಾರಿ ಹಾನಗಲ್ಲ ಕಡೆ ಹೋಯಿತು. ಖಾಲಿ ಕ್ವಾರಿ ನೋಡಿ ಕೂಲಿಕಾರರು ಸ್ವಸಂತೋಷ ಎಂದು ಬರೆದಿದ್ದಾರೆ.

ಸಾಹೇಬರು ಬರುವುದು ಗುತ್ತಿಗೆದಾರನಿಗೆ ಹೇಗೆ ಗೊತ್ತಾಯಿತು? ನೋಟೀಸು ಕೊಟ್ಟೇ ಬಂದಿರಬೇಕು. ಅದೂ ಪದ್ಧತಿಯೇ ಇರಬೇಕು.

೩-೧-೧೯೮೪, ಮಂಗಳವಾರ

ಖಲಂದರ ಚಹಾದ ಕಪ್ಪು ಇಟ್ಟು, ಹೋಗದೆ ನಿಂತ.

"ನನ್ನ ಮ್ಯಾಲ ನಿಮಗ ಸಂಶೆ ಐತಿ, ಗೊತ್ತೈತ್ರಿ. ಆದ್ರೂ ಹೇಳ್ತೇನಿ. ಆ ಖಡಿ ಮಂದಿ ಸುದ್ದಿ ಕಿವೀಗೆ ಬಿದ್ದಿತ್ತು, ಲಾರಿ ಡ್ರೈವರಗೋಳನ್ನ ಕೇಳಾಕತ್ತಿದ್ದೆ. ನಿಮ್ಮ ಮಂದಿ ಹಿರೇಕೆರೂರ ದಾಟಿ ಚಿಕ್ಕೇರೂರ ಕಡೆ ಅದಾರ. ಗುತ್ತಿಗೆದಾರನೂ ಅಂವನ."

ಮುಖ ನೋಡಲಾಗಲಿಲ್ಲ. ಚಹಾ ಕುಡಿದೆ. ಇದೂ ಬಲೆಯಿರಬಹುದೇ ಎಂದು ಒಂದು ಗಳಿಗೆ ಅನಿಸಿತು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

೪-೧, ಬುಧವಾರ

ಮೂರು ಬಸ್ಸು ಬದಲಿಸಿ ಚಿಕ್ಕೇರೂರು ಮುಟ್ಟಿದೆ. ಅದೇ ತರಹದ ತಗಡಿನ ಶೆಡ್ಡು. ಹುಚ್ಚವ್ವ ಖಡಿ ಒಡೆಯುತ್ತಿದ್ದಳು. ಬದುಕಿದ್ದಾಳೆ. ಮೈಲಾರಪ್ಪ ಪಕ್ಕದಲ್ಲಿದ್ದ. ಬಲಗೈಯಲ್ಲಿ ಎರಡು ಬೆರಳಿಲ್ಲ.

ಕಾವಲಿನವ ಅವಳನ್ನು ಕೇಳಿದ, "ಯಾರಬೇ ಈ ಮುದುಕ?"

"ಯಾರೋ ಏನೋ. ನಾ ಕಂಡಿಲ್ಲ," ಎಂದಳು. ಸುತ್ತಿಗೆ ನಿಲ್ಲಿಸಲಿಲ್ಲ.

ದಾರಿ ತಪ್ಪಿದೆ ಎಂದು ಸುಳ್ಳು ಹೇಳಿ ತಿರುಗಿ ಬಂದೆ.

೫-೧, ಗುರುವಾರ

ಹುಚ್ಚವ್ವ ಮತ್ತು ಉಳಿದವರು ಚಿಕ್ಕೇರೂರಿನಲ್ಲಿದ್ದಾರೆ ಎಂದು ಹೊಸ ಅರ್ಜಿ. ಅರ್ಜಿದಾರ ನಾನು, ಬರೆದವನೂ ನಾನು. ಸವಣೂರಿನ ಮನೆಯ ವಿಳಾಸ. ಹೆಂಡತಿ ಮನೋರಮಾ ಓದಿ ಕನ್ನಡಕ ತೆಗೆದಳು.

"ನಿಮಗ್ಯಾಕ ಬೇಕಾಗಿತ್ರಿ ಇದು?"

"ನಾನಽ ಕೆಡಿಸೇನಿ."

ಮಧ್ಯಾಹ್ನ ತಾನೇ ಟಪಾಲಿಗೆ ಹಾಕಿ ಬಂದಳು.

೬-೨, ಸೋಮವಾರ

ಉತ್ತರ ಬಂತು. ಒಂಬತ್ತನೆಯ ತಾರೀಖು ಮೇಲಿನ ಅಧಿಕಾರಿಗಳೇ ಚಿಕ್ಕೇರೂರಿಗೆ ಬರುತ್ತಾರೆ. ಅರ್ಜಿದಾರನು ಹಾಜರಿದ್ದು ಸದರಿ ಮಹಿಳೆಯನ್ನು ಗುರುತಿಸತಕ್ಕದ್ದು. ಪ್ರತಿ: ಗುತ್ತಿಗೆದಾರರಿಗೆ, ಮಾಹಿತಿಗಾಗಿ.

ಪ್ರತಿ! ಈ ಸಲ ಲಾರಿ ಯಾವ ಊರಿಗೋ. ಇಲ್ಲಾ, ಸಾಗಿಸುವುದಿಲ್ಲವೋ. ನನ್ನಿಂದಲೇ ಬೆರಳು ತೋರಿಸಿ, ಜೀಪು ಹೋದ ಮೇಲೆ ಅವಳನ್ನು ವಿಚಾರಿಸಿಕೊಳ್ಳುತ್ತಾರೋ.

೯-೨, ಗುರುವಾರ, ಸಂಜೆ ೫-೪೦, ಚಿಕ್ಕೇರೂರು

ಸಾಗಿಸಿರಲಿಲ್ಲ. ಹೆಂಗಸರನ್ನು ಸಾಲಾಗಿ ನಿಲ್ಲಿಸಿದ್ದರು. ಗುತ್ತಿಗೆದಾರ ಸಾಹೇಬರಿಗೆ ಎಳನೀರು ಕೊಡುತ್ತಿದ್ದ.

"ಯಾರ್ರಿ ಅಕಿ? ತೋರಿಸ್ರಿ," ಎಂದರು ಸಾಹೇಬರು.

"ಒಬ್ಬಾಕಿನ್ನ ತೋರಿಸೂದಿಲ್ಲ, ಸಾಹೇಬ್ರ. ಎಲ್ಲಾರ್ನೂ ಕರಕೊಂಡ ಹೋಗ್ರಿ. ಇಲ್ಲೆ ಬ್ಯಾಡ, ನಿಮ್ಮ ಕಚೇರ್ಯಾಗ ಕೇಳ್ರಿ."

"ಜೀಪಿನ್ಯಾಗ ಜಾಗಾ ಎಲ್ಲೈತ್ರಿ?"

ಆಗ ಹುಚ್ಚವ್ವ ಸಾಲು ಬಿಟ್ಟು ಮುಂದೆ ಬಂದಳು. "ನಾನರಿ ಹುಚ್ಚವ್ವ," ಎಂದಳು. ನಾನು ಕೇಳಿರಲಿಲ್ಲ, ಯಾರೂ ಒತ್ತಾಯ ಮಾಡಿರಲಿಲ್ಲ. ಸಾಹೇಬರು ಬರೆದುಕೊಂಡರು. ನಾಳೆ ವ್ಯಾನು ಕಳಿಸುತ್ತೇವೆ ಎಂದರು. ರಾತ್ರಿ ಕಾವಲಿಗೆ ಪೊಲೀಸರನ್ನಾದರೂ ಇಡಿಸಿ ಹೋಗಿ ಎಂದೆ. ಅದಕ್ಕೆ ಬೇರೆ ಆರ್ಡರ್ ಬೇಕಂತೆ. ಹತ್ತಿರಿ ರಾಯರ, ಹೊತ್ತಾತು ಎಂದರು.

ನಾನು ಹತ್ತಲಿಲ್ಲ. ಜೀಪು ಹೋಯಿತು.

ಶೆಡ್ಡಿನ ಒಳಗೆ ಬಂದು ಕುಳಿತಿದ್ದೇನೆ. ಹದಿನಾರು ಜನ, ನಾನು ಹದಿನೇಳು. ಭಯವಾಗಿದೆ. ಮೈಲಾರಪ್ಪ ಕಂಬಳಿ ಸರಿಸಿ ಜಾಗ ಕೊಟ್ಟ. ಹುಚ್ಚವ್ವ ನೀರು ಕೊಟ್ಟಳು. ಹೊರಗೆ ಬರ್ರಿ ಎಂದು ಕಾವಲಿನವ ಮೂರು ಸಲ ಕೂಗಿದ. ನಾಳೆ ವ್ಯಾನು ಬಂದರೆ ಎಲ್ಲರ ಜೊತೆ ಬರುತ್ತೇನೆ ಎಂದೆ. ಗುತ್ತಿಗೆದಾರನೂ ಬಾಗಿಲಿಗೆ ಬಂದು ನೋಡಿದ. ಕಾವಲಿನವನ ಕಿವಿಯಲ್ಲಿ ಏನೋ ಪಿಸುಗುಟ್ಟಿದ. ಈಗ ಬೀಗ ಹಾಕಲು ಬಾಗಿಲು ಎಳೆಯುತ್ತಿದ್ದಾರೆ. ಬೆಳಕು ಇಷ್ಟೇ ಉಳಿದಿದೆ, ಬರೆಯುವ ಸಾಲು ಕಾಣ...